ಮಾಕ್ ಯೋಂಗ್ ಮೇಳಕ್ಕೆ ಕತ್ತರಿ: ಒಪ್ಪಬಹುದೇ?

ಮಲೇಷ್ಯಾದ ಕೆಲಾಂತನ್ ರಾಜ್ಯ 1990ರ ದಶಕದಲ್ಲಿ ಧರ್ಮದ ಕಾರಣ ಕೊಟ್ಟು ನಿಷೇಧಿಸಿದ್ದ ಮಾಕ್ ಯೋಂಗ್ ನೃತ್ಯನಾಟಕಕ್ಕೆ 2019ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಷರತ್ತು ಮಾತ್ರ ಬಿಗಿಯಾದದ್ದು: ಆಟ ಶರಿಯಾಗೆ ಹೊಂದಬೇಕು, ಹಳೆಯ ಆಚರಣೆಗಳು ಇರಕೂಡದು.

ಪರ

ಮೇಳ ಉಳಿಯಬೇಕಾದರೆ ಮೊದಲು ನುಡಿಸುವ ಕೈ ಬೇಕು. ವಾದ್ಯಗಳೇನೂ ಬಹಳವಿಲ್ಲ: ಮೂರು ತಂತಿಯ ರೆಬಾಬ್, ಒಂದು ಜೋಡಿ ಗೆಂಡಾಂಗ್ ಮದ್ದಳೆ, ತೂಗುಹಾಕಿದ ಎರಡು ತೆತಾವಾಕ್ ಜಾಗಟೆ. ಆದರೆ ರೆಬಾಬ್ ಸುಲಭಕ್ಕೆ ಒಲಿಯುವುದಿಲ್ಲ. ಅದರ ತೊಗಲಿನ ಮೇಲೆ ಮೇಣದ ಪುಟ್ಟ ಉಂಡೆಯೊಂದನ್ನು ಅಂಟಿಸುತ್ತಾರೆ. ಅದು ತುಸು ಸರಿದರೂ ದನಿಯ ಬಣ್ಣವೇ ಬೇರೆ. ಇಂಥ ಸೂಕ್ಷ್ಮವನ್ನು ಗುರುವಿನ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಅಲ್ಲಿ ಅಗೋಚರ ಶಕ್ತಿಗಳಿಗೆ ಎಡೆ ಇಡುತ್ತಾರೆಂದರೆ ಶ್ರದ್ಧಾವಂತ ಮುಸ್ಲಿಂ ತಂದೆ ಮಗಳನ್ನು ಕಳಿಸುತ್ತಾನೆಯೇ?

ನೆರೆಯ ತೆರೆಂಗಾನು ರಾಜ್ಯದ ಅರಮನೆಯ ವಾದ್ಯಮೇಳವಾದ ಗಾಮೆಲಾನ್ ನೆನಪಿಸಿಕೊಳ್ಳಿ. 1942ರಲ್ಲಿ ಸುಲ್ತಾನರು ತೀರಿಕೊಂಡ ಮೇಲೆ ಮೂಲೆ ಸೇರಿದ ವಾದ್ಯಗಳು 1966ರಲ್ಲಿ ಪತ್ತೆಯಾಗಿ, 1969ರಲ್ಲಿ ಸಾರ್ವಜನಿಕ ವೇದಿಕೆ ಏರಿದವು. ಅರಮನೆಯ ಕಟ್ಟುಪಾಡು ಕಳಚಿದ್ದರಿಂದಲೇ ಇಂದು ವಿದ್ಯಾರ್ಥಿಗಳೂ ಅದರ ಜಾಗಟೆಸಾಲಾದ ಕೆರೊಮೊಂಗ್ ನುಡಿಸುತ್ತಾರೆ.

ವಿರೋಧ

ಗಾಮೆಲಾನ್ ಉದಾಹರಣೆ ಇಲ್ಲಿ ಸಲ್ಲದು. ಅರಸನಿಲ್ಲದೆಯೂ ಕೆರೊಮೊಂಗ್ ಅದೇ ಸ್ವರ ಕೊಡುತ್ತದೆ. ಮಾಕ್ ಯೋಂಗ್‌ನಲ್ಲಿ ಆಚರಣೆಯನ್ನೂ ಸಂಗೀತವನ್ನೂ ಬೇರ್ಪಡಿಸುವ ಗೆರೆ ಎಲ್ಲಿದೆ?

ಆಟ ಶುರುವಾಗುವುದೇ 'ಮೆಂಘಾದಾಪ್ ರೆಬಾಬ್' ಎಂಬ ಹಾಡಿನಿಂದ, ಅಂದರೆ ರೆಬಾಬಿಗೆ ಮುಖಮಾಡುವುದು. ವಾದಕ ಪೂರ್ವದ ಕಡೆ ಕುಳಿತಿರುತ್ತಾನೆ. ನಟಿಯರು ಅವನೆದುರು ನೆಲದ ಮೇಲೆ ಕುಳಿತು ಬೆರಳುಗಳನ್ನು ಹಿಂದಕ್ಕೆ ಬಾಗಿಸುತ್ತಾ, ತೀರಾ ನಿಧಾನವಾಗಿ ಮೈಯನ್ನು ಎಚ್ಚರಗೊಳಿಸುತ್ತಾರೆ. ಅವಸರದ ಪ್ರೇಕ್ಷಕನಿಗೆ ಇದು ಬೇಸರ ತರಿಸೀತು, ನಿಜ. ಆದರೆ ಇದು ವಂದನೆಯೋ ನೃತ್ಯವೋ ಎಂದು ಯಾವ ಅಧಿಕಾರಿ ತೀರ್ಮಾನಿಸುತ್ತಾನೆ? ಕತ್ತರಿ ಎಡೆಗೆ ನಿಲ್ಲುವುದೂ ಇಲ್ಲ. ಉಡುಪಿನ ತನಕ ಬಂದಾಗಿದೆ. ರಾಜನ ಪಾತ್ರವಾದ ಪಾಕ್ ಯೋಂಗ್ ಕಟ್ಟುವವಳು ಪರಂಪರೆಯಿಂದ ಹೆಣ್ಣು. ರಾಜನ ಉಡುಪು ತೊಡುವ ಅವಳ ಗತಿ?

ಇದೇ ರೆಬಾಬ್ 'ಮಾಯಿನ್ ಪುತೆರಿ' ಎಂಬ ಚಿಕಿತ್ಸಾ ಆಚರಣೆಯಲ್ಲೂ ಇದೆ. ಮನುಷ್ಯನೊಳಗಿನ 'ಆಂಗಿನ್', ಅಂದರೆ ಗಾಳಿ, ಹೊರದಾರಿ ಕಾಣದೆ ಕಟ್ಟಿಕೊಂಡರೆ ಕಾಯಿಲೆ ಬೀಳುತ್ತಾನೆಂಬುದು ಅಲ್ಲಿಯ ನಂಬಿಕೆ. ಅದನ್ನು ಬಿಡಿಸುವುದು ರಾಗ, ಕುಣಿತ, ಪಾತ್ರ. ನಿಷೇಧದ ವರ್ಷಗಳಲ್ಲೂ ಹಳ್ಳಿಗಳಲ್ಲಿ ಆಟ ಪೂರ್ತಿ ನಿಂತಿರಲಿಲ್ಲ. ಮೇಳವನ್ನು ಕರೆಸುತ್ತಿದ್ದವರಲ್ಲಿ ರೋಗಿಗಳ ಮನೆಯವರೂ ಇದ್ದರು.