ಮೋರಿಯ ಹೂಳು ಮೋರಿಗೇ ವಾಪಸ್

ಕಳೆದ ವಾರ ನಮ್ಮ ಬೀದಿಯ ಮೋರಿಯ ಹೂಳು ತೆಗೆದರು. ನಾಲ್ಕು ಜನ ಪೌರಕಾರ್ಮಿಕರು ಬೆಳಿಗ್ಗೆ ಏಳಕ್ಕೇ ಬಂದು ಮಧ್ಯಾಹ್ನದವರೆಗೆ ಬಗ್ಗಿದ ಸೊಂಟ ಎತ್ತಲಿಲ್ಲ. ಒಂದೇ ಕಾಲಿನ ಹವಾಯಿ ಚಪ್ಪಲಿ, ಶಾಂಪೂ ಪೊಟ್ಟಣ, ತೆಂಗಿನ ಚಿಪ್ಪು, ಯಾವುದೋ ಮಗುವಿನ ಪ್ಲಾಸ್ಟಿಕ್ ಬ್ಯಾಟು, ಕಪ್ಪಗೆ ಹೊಳೆಯುವ ಕೆಸರು. ಎಲ್ಲ ಮೋರಿಯ ಅಂಚಿನಲ್ಲೇ ಗುಡ್ಡೆಯಾಯಿತು. "ಒಣಗಲಿ ಸಾರ್, ಒದ್ದೆ ತುಂಬಿದ್ರೆ ಟ್ರ್ಯಾಕ್ಟರ್‌ನಿಂದ ರಸ್ತೆ ತುಂಬಾ ಸೋರುತ್ತೆ" ಅಂದರು. ನ್ಯಾಯವಾದ ಮಾತೇ. ಮೂರನೇ ದಿನ ಸಂಜೆ ಮಳೆ ಬಂತು. ಬರೀ ಅರ್ಧ ಗಂಟೆ. ಬೆಳಿಗ್ಗೆ ನೋಡಿದರೆ ಗುಡ್ಡೆ ಕರಗಿ ಮೋರಿ ಸೇರಿತ್ತು. ಬ್ಯಾಟು ಮಾತ್ರ ನಮ್ಮ ಗೇಟಿಗೆ ಒರಗಿ ನಿಂತಿತ್ತು.

ಅದೇ ಬೆಳಿಗ್ಗೆ ವಾರ್ಡಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೊ ಬಂತು. "ಮುಂಗಾರು ಪೂರ್ವ ಸ್ವಚ್ಛತಾ ಕಾರ್ಯ ಯಶಸ್ವಿ." ಫೋಟೊದಲ್ಲಿದ್ದದ್ದು ನಮ್ಮದೇ ಮೋರಿ, ಮಳೆಗೆ ಮುಂಚಿನದ್ದು. ಮೂವತ್ತು ಜನ ಹೆಬ್ಬೆರಳು ಎತ್ತಿದರು.

ನನಗೆ ಆ ನಾಲ್ವರ ಮೇಲೆ ಒಂಚೂರೂ ಸಿಟ್ಟಿಲ್ಲ. ಟ್ರ್ಯಾಕ್ಟರ್ ಯಾವತ್ತು ಬರುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೀದಿಯವರೇ ಒಂದು ಟಾರ್ಪಾಲು ಹೊದಿಸಿ ನಾಲ್ಕು ಕಲ್ಲು ಇಡುತ್ತಿದ್ದೆವು. ನನ್ನ ತಕರಾರು ಇಷ್ಟೇ. ಪುರಸಭೆಯಿಂದ ನಮಗೆ ತಲುಪುವ ಸುದ್ದಿಯೆಲ್ಲ ಆಗಿ ಹೋದದ್ದು. ಗುದ್ದಲಿ ಪೂಜೆ ಆಯಿತು, ಸಭೆ ಆಯಿತು, ಸನ್ಮಾನ ಆಯಿತು. ನಾಳೆ ಏನು ಆಗುತ್ತದೆ, ಯಾವ ಬೀದಿಯಲ್ಲಿ, ಎಷ್ಟು ಹೊತ್ತಿಗೆ ಅನ್ನುವ ಒಂದು ಸಾಲು ಸಿಗಬೇಕಾದರೆ ನೀರುಗಂಟಿಯ ಫೋನ್ ನಂಬರ್ ಗೊತ್ತಿರಬೇಕು. ನಮ್ಮ ಊರಿನ ನಿಜವಾದ ಸುದ್ದಿಸಂಸ್ಥೆ ಅವನೇ. ಪಾಪ, ದಿನಕ್ಕೆ ಎಷ್ಟು ಜನಕ್ಕೆ ಅಂತ ಹೇಳುತ್ತಾನೆ?

ಮಳೆಗಾಲ ಏನು ಹೇಳದೆ ಕೇಳದೆ ಬರುವ ನೆಂಟನಾ? ಜೂನ್ 1ರ ಸುಮಾರಿಗೆ ಕೇರಳಕ್ಕೆ ಮುಂಗಾರು ಬರುತ್ತದೆ, ಅದಾಗಿ ಕೆಲವೇ ದಿನಕ್ಕೆ ನಮ್ಮ ರಾಜ್ಯಕ್ಕೆ. ಅದಕ್ಕೂ ಮುಂಚೆ ಏಪ್ರಿಲ್ ಕೊನೆಯಿಂದಲೇ ಭರಣಿ, ಕೃತ್ತಿಕಾ ಮಳೆಗಳು ಗುಡುಗು ಹೊತ್ತು ಬರುತ್ತವೆ. ಪಂಚಾಂಗದಲ್ಲೇ ಅಚ್ಚಾಗಿರುವ ಈ ವಿಷಯ ಟೆಂಡರ್ ಕರೆಯುವವರಿಗೆ ಮಾತ್ರ ಪ್ರತಿ ವರ್ಷವೂ ಹೊಸದು. ಹೂಳು ತೆಗೆಯುವುದು, ತಂತಿಗೆ ತಾಗುವ ಕೊಂಬೆ ಕಡಿಸುವುದು, ಇದೆಲ್ಲ ಮಾರ್ಚ್‌ನಲ್ಲಿ ಆಗಬೇಕಾದ ಕೆಲಸ. ಮೊದಲ ಮಳೆಗೆ ಬೀದಿ ಹೊಳೆಯಾದ ಮೇಲೆ ಶುರುವಾಗುತ್ತದೆ.

ಫಾಗಿಂಗ್ ವಿಷಯಕ್ಕೆ ಬರೋಣ. ಇದು ನನಗೆ ಸ್ವಲ್ಪ ಜಾಸ್ತಿ ಹೊಟ್ಟೆ ಉರಿಸುವ ಸಂಗತಿ. ಸಂಜೆ ಹೊತ್ತು ಬುಸ್ಸೆಂದು ಹೊಗೆ ಬಿಡುತ್ತಾ ಮೆಷಿನ್ ಬರುತ್ತದೆ, ಮಕ್ಕಳು ಹಿಂದೆ ಓಡುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ. ಆ ಹೊಗೆ ಸಾಯಿಸುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಗಳನ್ನು ಮಾತ್ರ. ನೀರಿನಲ್ಲಿರುವ ಮರಿಹುಳುಗಳಿಗೆ ಏನೂ ಆಗುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಮೋರಿಯಲ್ಲೂ ಅಲ್ಲ. ನಾವು ಜೋಪಾನವಾಗಿ ತುಂಬಿಟ್ಟ ಡ್ರಮ್ಮಿನಲ್ಲಿ, ಹೂಕುಂಡದ ತಟ್ಟೆಯಲ್ಲಿ, ಮಹಡಿ ಮೇಲೆ ಎಸೆದ ಟೈರಿನಲ್ಲಿ. ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಂದು ಸಲ ನೀರು ಚೆಲ್ಲಿ ಒಣಗಿಸಿ ಅನ್ನುವುದು. ಸುಮ್ನೆ ಚೆಲ್ಲಿದರೂ ಆಗದು. ಮೊಟ್ಟೆಗಳು ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತವೆ, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ತೆಂಗಿನ ನಾರು ಹಿಡಿದು ತಿಕ್ಕಬೇಕು.

2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡವನ್ನೂ ಇಟ್ಟಿತು. ಸೊಳ್ಳೆ ಸಾಕಿದ ಮನೆಗೆ ನಗರ ಪ್ರದೇಶದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ದಂಡ ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ನಾನು ಡ್ರಮ್ಮು ತುಂಬಿಡುವುದು ಯಾಕೆ? ಮುಂದಿನ ನೀರು ನಾಳೆ ಬರುತ್ತದೋ ಐದು ದಿನ ಬಿಟ್ಟು ಬರುತ್ತದೋ ಗೊತ್ತಿಲ್ಲದ್ದಕ್ಕೆ. ಇಂಥ ದಿನ ಬರುತ್ತದೆ ಅಂತ ಖಾತ್ರಿ ಇದ್ದರೆ ಹಿಂದಿನ ರಾತ್ರಿ ಡ್ರಮ್ಮು ಬರಿದು ಮಾಡಿ ತಿಕ್ಕಬಹುದಿತ್ತು. ನೀರಿನ ವೇಳಾಪಟ್ಟಿ ಸೊಳ್ಳೆ ಔಷಧಿಗಿಂತ ದೊಡ್ಡ ಔಷಧಿ ಅಂತ ಹೇಳಿದರೆ ಕಚೇರಿಯಲ್ಲಿ ನಗುತ್ತಾರೆ.

ನೀರಿನದೇ ಇನ್ನೊಂದು ಮಾತು. ಮಳೆಗಾಲದಲ್ಲಿ ನಲ್ಲಿಯ ಮೊದಲ ನೀರು ಕೆಂಪಗೆ ಬರುವುದನ್ನು ನೋಡಿರುತ್ತೀರಿ. ನೀರು ಬಿಡದ ದಿನ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಆಗ ಬಿರುಕು ಇದ್ದ ಕಡೆ ಹೊರಗಿನ ಕೊಳಕು ಒಳಗೆ ನುಗ್ಗುತ್ತದೆ. ಪಕ್ಕದಲ್ಲೇ ಮೋರಿ ಇದ್ದರೆ ಕೇಳುವುದೇ ಬೇಡ. ಮೊದಲ ಒಂದೆರಡು ಕೊಡ ಗಿಡಕ್ಕೆ ಹಾಕಿ, ಕುಡಿಯುವುದನ್ನು ಕುದಿಸಿ. ಇದನ್ನು ಹೇಳಲು ತಜ್ಞರು ಬೇಕಾಗಿಲ್ಲ. ಆದರೆ "ಪೈಪ್ ಒಡೆದಿದೆ, ಈ ವಾರ ಕುದಿಸಿಯೇ ಕುಡಿಯಿರಿ" ಅಂತ ಹೇಳಬೇಕಾದವರು ಪುರಸಭೆಯವರು. ವಾಂತಿ ಭೇದಿ ಶುರುವಾದ ಮೇಲೆ ಹೇಳಿದರೆ ಏನು ಪ್ರಯೋಜನ?

ಮೈಕ್ ಇಲ್ಲ, ಗಾಡಿ ಇಲ್ಲ ಅನ್ನುವಂತಿಲ್ಲ. ಆಸ್ತಿ ತೆರಿಗೆಗೆ ಎರಡೂ ಇವೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಇದನ್ನು ಆಟೊದಲ್ಲಿ ಎಷ್ಟು ಸ್ಪಷ್ಟವಾಗಿ ಕೂಗುತ್ತಾರೆ ಅಂದರೆ ನನ್ನ ಮಗಳಿಗೆ ಬಾಯಿಪಾಠ ಆಗಿದೆ. ಕಸದ ಗಾಡಿಯೂ ದಿನಾ ಬೆಳಿಗ್ಗೆ ಅದೇ ಹಾಡು ಹಾಕಿಕೊಂಡು ಪ್ರತಿ ಮನೆಯ ಮುಂದೆ ನಿಲ್ಲುತ್ತದೆ. ಆ ಹಾಡಿನ ಮಧ್ಯೆ ಎರಡು ಸಾಲು ಸೇರಿಸಿ ಅಂತ ಡ್ರೈವರ್‌ಗೆ ಹೇಳಿ ನೋಡಿದೆ. "ಪೆನ್‌ಡ್ರೈವ್‌ನಲ್ಲಿ ಅದೊಂದೇ ಇರೋದು ಅಣ್ಣ. ನನಗೂ ಸಾಕಾಗಿದೆ" ಅಂದ.

ಕಾನೂನು ಇಲ್ಲದೇ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಅಂದರೆ ಅರ್ಜಿ ಹಾಕುವುದು ಅಂತಲೇ ಎಲ್ಲರ ತಲೆಯಲ್ಲಿದೆ. ಅದರ 4ನೇ ಸೆಕ್ಷನ್ ಓದಿ. ಯಾರೂ ಕೇಳದಿದ್ದರೂ ಕಚೇರಿಯೇ ಮಾಹಿತಿಯನ್ನು ಜನರಿಗೆ ತಲುಪಿಸಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಅಂತ ಇದೆ. ನೋಟಿಸ್ ಬೋರ್ಡು, ಪತ್ರಿಕೆ, ಇಂಟರ್ನೆಟ್ಟು ಎಲ್ಲದರ ಹೆಸರೂ ಅಲ್ಲಿದೆ.

ಆದರೆ ಕೂತು ಕೇಳುವ ಜಾಗ ಸಣ್ಣ ಪಟ್ಟಣಕ್ಕೆ ಇಲ್ಲ. ಹಳ್ಳಿಯವರಿಗೆ ಗ್ರಾಮಸಭೆ ಇದೆ. ಜಗಳವೋ ಗಲಾಟೆಯೋ, ಎದ್ದು ನಿಂತು ಪಿಡಿಒ ಮುಖ ನೋಡಿಕೊಂಡು ಕೇಳಬಹುದು. ದೊಡ್ಡ ನಗರಕ್ಕೆ ವಾರ್ಡ್ ಸಮಿತಿ. ಸಂವಿಧಾನ ಅದನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಕಡೆಗೆ. ನಮ್ಮ ಪುರಸಭೆಗಳಿರುವುದು 20 ಸಾವಿರದಿಂದ 50 ಸಾವಿರ ಜನರ ಊರುಗಳಲ್ಲಿ, ಪಟ್ಟಣ ಪಂಚಾಯಿತಿಗಳು ಇನ್ನೂ ಚಿಕ್ಕ ಊರುಗಳಲ್ಲಿ. ಅತ್ತ ಗ್ರಾಮಸಭೆಯೂ ಇಲ್ಲ, ಇತ್ತ ಸಮಿತಿಯೂ ಇಲ್ಲ. ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದು ಕೂತರಂತೂ ಬೈಯುವುದಕ್ಕೂ ಪರಿಚಯದ ಮುಖ ಇರುವುದಿಲ್ಲ. ನೆಂಟರ ಮದುವೆಯಲ್ಲಿ ಸಿಕ್ಕಾಗ ಮೋರಿ ವಿಷಯ ಎತ್ತುತ್ತಿದ್ದೆವಲ್ಲ, ಆ ಸೌಭಾಗ್ಯವೂ ಹೋಯಿತು.

ಮೊನ್ನೆ ಕಚೇರಿಗೆ ಹೋಗಿದ್ದೆ. ನೋಟಿಸ್ ಬೋರ್ಡಿಗೆ ಗಾಜಿನ ಬಾಗಿಲು, ಅದಕ್ಕೆ ಪುಟ್ಟ ಬೀಗ. ಒಳಗೆ ಹೋದ ವರ್ಷದ ಹರಾಜಿನ ಪ್ರಕಟಣೆ, ಅದರ ಮೇಲೆ ಒಂದು ಹಲ್ಲಿ. ಬೀಗದ ಕೈ ಯಾರ ಹತ್ತಿರ ಅಂದರೆ ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಆ ಇನ್ನೊಬ್ಬರು ರಜೆಯಲ್ಲಿದ್ದರು.

ಸೋಮವಾರ ಮತ್ತೆ ಹೋಗುತ್ತಿದ್ದೇನೆ. ಅರ್ಜಿ ಒಂದೇ ಪುಟ, ಕೇಳಿದ್ದು ಮೂರೇ. ಯಾವ ಬೀದಿಗೆ ಯಾವ ದಿನ ನೀರು, ಹೂಳು ತೆಗೆದ ಎಷ್ಟನೇ ದಿನಕ್ಕೆ ಟ್ರ್ಯಾಕ್ಟರ್, ಪೈಪ್ ಒಡೆದರೆ ಕಸದ ಗಾಡಿಯ ಮೈಕಿನಲ್ಲಿ ಸೂಚನೆ. ಸಹಿ ಹಾಕುವವರು ಹನ್ನೊಂದಕ್ಕೆ ಗೇಟಿನ ಹತ್ತಿರ ಬನ್ನಿ. ಅದಕ್ಕೂ ಮುಂಚೆ ಬರಬೇಡಿ, ಬೀಗದ ಕೈಯವರು ರಜೆ ಮುಗಿಸಿ ಬಂದರೂ ಹನ್ನೊಂದರ ಮೇಲೆಯೇ ಬರುವುದಂತೆ.