ಗೋಳಿಬಜೆಯೊಂದಿಗೆ ಉಚಿತ ಇಸಿಜಿ

ಹಾಸನದ ಸಾಲು ಹೃದಯಾಘಾತಗಳ ಸುದ್ದಿಯನ್ನು ಹೊಸದಾಗಿ ಹೇಳಬೇಕಾಗಿಲ್ಲ. 2025ರ ಮಳೆಗಾಲ ಪೂರ್ತಿ ಟಿವಿಯವರು ಎದೆ ಹಿಡಿದು ಬೀಳುವವರ ಸಿಸಿ ಕ್ಯಾಮೆರಾ ದೃಶ್ಯಕ್ಕೆ ಕೆಂಪು ವೃತ್ತ ಎಳೆದು, ಹಿಂದಿನಿಂದ ಢಂ ಎಂದು ಸಂಗೀತ ಕೊಟ್ಟು ತೋರಿಸಿದ್ದೇ ತೋರಿಸಿದ್ದು. ಜಯದೇವ ಹೃದ್ರೋಗ ಆಸ್ಪತ್ರೆಯ ಎದುರು ಬೆಳಗಿನ ಜಾವದಿಂದಲೇ ಕ್ಯೂ. ಅದಾದ ಮೇಲೆ ನಮ್ಮ ಕರಾವಳಿಯ ಒಂದು ಹಳೇ ಉತ್ಸವಕ್ಕೆ ಹೊಸ ಕಳೆ ಬಂದಿದೆ. ಉಚಿತ ಹೃದಯ ತಪಾಸಣಾ ಶಿಬಿರ. ಬ್ರಹ್ಮಕಲಶಕ್ಕೂ ಉಂಟು, ಯುವಕ ಮಂಡಲದ ಬೆಳ್ಳಿಹಬ್ಬಕ್ಕೂ ಉಂಟು, ಅಂಡರ್ ಆರ್ಮ್ ಟೂರ್ನಮೆಂಟಿನ ಬೌಂಡರಿ ಗೆರೆಯಾಚೆಗೂ ಉಂಟು.

ಫ್ಲೆಕ್ಸ್ ನೋಡಿ. ದೀಪ ಬೆಳಗುವವರು, ಅಧ್ಯಕ್ಷತೆ ವಹಿಸುವವರು, ಗೌರವ ಉಪಸ್ಥಿತಿ, ಮುಂಬೈ ಉದ್ಯಮಿ, ದುಬೈ ಉದ್ಯಮಿ, ಎಲ್ಲರ ಮುಖವೂ ಇರುತ್ತದೆ. ಪರೀಕ್ಷೆ ಮಾಡುವ ಡಾಕ್ಟರ ಹೆಸರು ಫ್ಲೆಕ್ಸ್ ಮುದ್ರಿಸಿದವರ ಫೋನ್ ನಂಬರಿನ ಪಕ್ಕ, ಅದೇ ಗಾತ್ರದಲ್ಲಿ. ಕೆಳಗೆ ‘ಖಾಲಿ ಹೊಟ್ಟೆಯಲ್ಲಿ ಬರಬೇಕು’ ಎಂಬ ಸೂಚನೆ. ಜನ ಪಾಪ, ರಾತ್ರಿ ಉಂಡದ್ದೇ, ಬೆಳಗ್ಗೆ ಎಂಟಕ್ಕೆ ಬಂದು ಕೂರುತ್ತಾರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಏಳು ಮಂದಿಯ ‘ಎರಡೇ ಮಾತು’, ಧನ್ಯವಾದ ಎಲ್ಲ ಮುಗಿಯುವಾಗ ಹತ್ತೂವರೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆಯವರೊಬ್ಬರಿಗೆ ತಲೆ ತಿರುಗುತ್ತದೆ. ಸಂಘಟಕರ ಕರುಳು ಕರಗಿ ಎಲ್ಲರಿಗೂ ಬಿಸಿ ಗೋಳಿಬಜೆ, ಕಾಯಿ ಚಟ್ನಿ, ದಂಡಿಯಾಗಿ ಸಕ್ಕರೆ ಹಾಕಿದ ಚಹಾ. ಆಮೇಲೆ ಬೆರಳು ಚುಚ್ಚಿ ‘ಫಾಸ್ಟಿಂಗ್ ಶುಗರ್’ ನೋಡುವುದು!

ಖಾಲಿ ಹೊಟ್ಟೆಯಲ್ಲಿ 126 ದಾಟಿದರೆ ಸಕ್ಕರೆ ಕಾಯಿಲೆ ಎನ್ನುವ ಲೆಕ್ಕ ಎಂಟು ಗಂಟೆಯಾದರೂ ಏನೂ ತಿನ್ನದವರಿಗೆ. ಅದೂ ಲ್ಯಾಬಿನಲ್ಲಿ ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡ ಮೇಲೆ. ಗೋಳಿಬಜೆಯ ಮೈದಾ ಹೊಟ್ಟೆಗಿಳಿದ ಅರ್ಧ ಗಂಟೆಗೆ 160 ಬಂತೆಂದು ಒಬ್ಬನನ್ನು ಹೆದರಿಸಿ ಕಳಿಸುತ್ತಾರೆ. ಇನ್ನೊಬ್ಬನಿಗೆ 240 ಬಂದರೆ ‘ಅದು ಗೋಳಿಬಜೆದ್ದು ಮಾರಾಯ’ ಎಂದು ಅವನೇ ಸಮಾಧಾನ ಮಾಡಿಕೊಂಡು ಹೋಗುತ್ತಾನೆ. ಇವರಲ್ಲಿ ನಿಜವಾಗಿ ಹೆದರಬೇಕಾದವನು ಎರಡನೆಯವನು.

ಪಕ್ಕದ ಮೇಜಿನಲ್ಲಿ ಬಿಪಿ. ಐದು ನಿಮಿಷ ಸುಮ್ಮನೆ ಕೂರಿಸಬೇಕು, ಬೆನ್ನಿಗೆ ಆಸರೆ ಬೇಕು, ಕಾಲು ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಪಟ್ಟಿ ಬರಿ ತೋಳಿಗೆ ಸುತ್ತಬೇಕು, ಅರ್ಧ ಗಂಟೆಯೊಳಗೆ ಚಹಾ–ಸಿಗರೇಟು ಆಗಿರಬಾರದು, ನೋಡುವಾಗ ಮಾತಾಡಬಾರದು, ಒಂದಲ್ಲ ಎರಡು ಸಲ ನೋಡಬೇಕು. ನಮ್ಮಲ್ಲಿ ಬಿಸಿಲಿನ ಕ್ಯೂನಲ್ಲಿ ನಿಂತು ಬಂದವರನ್ನು ಸ್ಟೂಲಿನ ತುದಿಗೆ ಕೂರಿಸಿ, ಉದ್ದ ತೋಳಿನ ಅಂಗಿಯ ಮೇಲೆಯೇ ಪಟ್ಟಿ ಸುತ್ತಿ, ‘ಮನೆಯಲ್ಲೆಲ್ಲ ಹುಷಾರಾ, ಮಗಳು ಎಲ್ಲಿರುವುದು ಈಗ?’ ಎಂದು ವಿಚಾರಿಸುತ್ತಾ ಗಾಳಿ ಒತ್ತುತ್ತಾರೆ. ದಪ್ಪ ತೋಳಿಗೂ ಸಪೂರ ತೋಳಿಗೂ ಒಂದೇ ಪಟ್ಟಿ. ದಪ್ಪದವರಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬ ವಿಷಯ ಉದ್ಘಾಟನಾ ಭಾಷಣದಲ್ಲಿ ಬಂದಿರಲಿಲ್ಲ ನೋಡಿ.

ಶಿಬಿರದ ಉತ್ಸವಮೂರ್ತಿ ಇಸಿಜಿ, ಹೃದಯದ ವಿದ್ಯುತ್ ಮಿಡಿತವನ್ನು ಗೆರೆಗಳಾಗಿ ಕಾಗದಕ್ಕಿಳಿಸುವ ಪರೀಕ್ಷೆ. ಪೆಂಡಾಲಿನ ಪರದೆ ಹಿಂದೆ ಒಂದು ಬೆಂಚು, ಮೇಲೆ ಫ್ಯಾನು, ಒಬ್ಬರಿಗೆ ಎರಡು ನಿಮಿಷ. ಕೆಂಪು ಕ್ಲಿಪ್ ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಗಡಿಬಿಡಿಯಲ್ಲಿ ಕೆಂಪು ಹಳದಿ ಅದಲುಬದಲಾದರೆ ಒಂದನೇ ಲೀಡ್ ಎಂಬ ಗೆರೆ ತಲೆಕೆಳಗಾಗಿ, ಗಟ್ಟಿಮುಟ್ಟಾಗಿರುವವನಿಗೂ ಹಳೇ ಹೃದಯಾಘಾತ ಆದಂತೆ ಕಾಣುತ್ತದೆ. ಎದೆಗೆ ಅಂಟಿಸುವ ವಿ1, ವಿ2 ಎಂಬ ಬಟ್ಟಲುಗಳು ಎದೆಮೂಳೆಯ ಎರಡು ಬದಿ, ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ ಕೂರಬೇಕು. ಕೊರಳ ಸರ ಅಡ್ಡ ಬರುತ್ತದೆ, ನಾಚಿಕೆ ಅಡ್ಡ ಬರುತ್ತದೆ ಎಂದು ಎರಡು ಸಂದಿ ಮೇಲೆ ಅಂಟಿಸಿದರೆ ಅಲ್ಲೂ ಇಲ್ಲದ ಕಾಯಿಲೆಯೊಂದು ಹುಟ್ಟಿಕೊಳ್ಳುತ್ತದೆ.

ಇದೆಲ್ಲ ಸರಿಯಾಗಿಯೇ ಆಯಿತು ಎನ್ನಿ. ಕಾಗದದ ಮೂಲೆಯಲ್ಲಿ ಯಂತ್ರ ‘ನಾರ್ಮಲ್’ ಎಂದು ಅಚ್ಚು ಹಾಕಿತು. ಅಲ್ಲಿಗೆ ಆತ ಅಮರ! ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಿ, ತಹಶೀಲ್ದಾರರ ನಿರಾಕ್ಷೇಪಣಾ ಪತ್ರದ ಹಾಗೆ ಕಪಾಟಿನಲ್ಲಿಟ್ಟು, ಪಾರ್ಟಿಗೆ ಹೊರಡುತ್ತಾನೆ. ರಕ್ತನಾಳದಲ್ಲಿ ಶೇ. 70ರಷ್ಟು ಬ್ಲಾಕ್ ಇದ್ದರೂ ಮಲಗಿರುವಾಗ ತೆಗೆದ ಇಸಿಜಿ ನೆಟ್ಟಗೇ ಇರಬಹುದು. ಇನ್ನೂ ಕಷ್ಟದ ವಿಷಯವೆಂದರೆ ಅನೇಕರಿಗೆ ಆಘಾತ ಆಗುವುದು ಅರ್ಧದಷ್ಟೂ ಮುಚ್ಚಿರದ ಜಾಗದಲ್ಲಿ. ಅಲ್ಲಿನ ಕೊಬ್ಬಿನ ಗಂಟು ಒಂದು ದಿನ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ನಾಳ ನಿಮಿಷಗಳಲ್ಲಿ ಮುಚ್ಚಿಕೊಳ್ಳುತ್ತದೆ. ನಿನ್ನೆಯ ಇಸಿಜಿಗೆ ಇದು ಹೇಗೆ ಗೊತ್ತಾಗಬೇಕು? ‘ಮೊನ್ನೆಯಷ್ಟೇ ಚೆಕ್ ಮಾಡಿಸಿದ್ದರು’ ಎಂಬ ಮಾತು ಪ್ರತಿ ಸಾವಿನ ಮನೆಯಲ್ಲೂ ಕೇಳಿಬರುವುದು ಇದೇ ಕಾರಣಕ್ಕೆ.

ಕಾರಣ ಎಂದಾಗ ನೆನಪಾಯಿತು, ಕಾರಣಗಳ ಸಂತೆಯನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಜಿಮ್ಮು ಅಪರಾಧಿ. ಹಾಸನದ ಹೊತ್ತಿಗೆ ಕೋವಿಡ್ ಲಸಿಕೆ ಅಪರಾಧಿ. ಮುಖ್ಯಮಂತ್ರಿಗಳೇ ಸಂಶಯ ಎತ್ತಿದರು, ಕೇಂದ್ರದವರು ಹಾಗೇನಿಲ್ಲ ಎಂದರು, ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಕೂತು ನೋಡಿ ಲಸಿಕೆಗೂ ಇದಕ್ಕೂ ನಂಟು ಕಾಣುತ್ತಿಲ್ಲ ಎಂದಿತು. ಸಮಿತಿ ಬೊಟ್ಟು ಮಾಡಿದ ಹೆಸರುಗಳು ತೀರಾ ಸಪ್ಪೆ. ಹೊಗೆ, ಸಕ್ಕರೆ, ಬಿಪಿ, ಕೊಬ್ಬು. ಇದರಲ್ಲೆಂಥ ಬ್ರೇಕಿಂಗ್ ನ್ಯೂಸ್? 2004ರಲ್ಲೇ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಒಂಬತ್ತು ಕಾರಣ ಎಣಿಸಿ, ಮೊದಲ ಹೃದಯಾಘಾತದ ಹೊಣೆ ಶೇ. 90ರಷ್ಟು ಇವುಗಳದ್ದೇ ಎಂದಿತ್ತು. ರಕ್ತದ ಕೊಬ್ಬು, ಹೊಗೆಸೊಪ್ಪು, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು, ಕುಡಿತದ ಲೆಕ್ಕ. ನಮ್ಮ ದಕ್ಷಿಣ ಏಷ್ಯಾದವರಿಗೆ ಬೇರೆಯವರಿಗಿಂತ ಐದಾರು ವರ್ಷ ಮೊದಲೇ, 53ರ ಆಸುಪಾಸಿನಲ್ಲಿ ಬರುತ್ತದೆ ಎಂದೂ ಅದರಲ್ಲೇ ಇತ್ತು. ಗೂಡಂಗಡಿ ಎದುರು ಮೂರನೇ ಸಿಗರೇಟಿಗೆ ಬೆಂಕಿ ಹಚ್ಚುತ್ತಾ ‘ಎರಡನೇ ಡೋಸ್ ತಕ್ಕೊಳ್ಳಲೇಬಾರದಿತ್ತು ಮಾರ್ರೆ’ ಎನ್ನುವವರಿಗೆ ಇದನ್ನು ಓದಿ ಹೇಳುವ ಧೈರ್ಯ ಯಾರಿಗುಂಟು?

ಆದರೂ ಹೇಳುತ್ತೇನೆ, ಕರಾವಳಿಯ ಅಸಲಿ ಹೃದ್ರೋಗ ತಜ್ಞ ಆಸ್ಪತ್ರೆಯಲ್ಲಿ ಇರುವುದಿಲ್ಲ, ಮನೆಯ ಚಾವಡಿಯಲ್ಲಿ ಇರುತ್ತಾನೆ. ರಾತ್ರಿ ಹನ್ನೊಂದಕ್ಕೆ ಯಜಮಾನರಿಗೆ ಎದೆಯ ನಡುವೆ ಕಲ್ಲು ಹೇರಿದ ಹಾಗೆ ಆಗುತ್ತದೆ, ಬನಿಯನ್ನು ಬೆವರಿಗೆ ಒದ್ದೆ. ಭಾವ ಬಂದು ಒಮ್ಮೆ ನೋಡಿ ತೀರ್ಪು ಕೊಡುತ್ತಾರೆ. ‘ಎಂತದ್ದೂ ಇಲ್ಲ, ಗ್ಯಾಸ್. ಮಧ್ಯಾಹ್ನ ಕೋರಿರೊಟ್ಟಿ ಜಾಸ್ತಿ ಆಗಿದೆ.’ ಮೊದಲ ಸುತ್ತು ಜೀರಿಗೆ ಕಷಾಯ. ಅದು ವಾಂತಿಯಾದರೆ ಲಿಂಬೆ ಸೋಡಾ. ತೇಗು ಬಂದರೆ ಇಡೀ ಮನೆಗೆ ಸಂಭ್ರಮ, ‘ನೋಡಿ, ಹೊರಗೆ ಬಂತು!’ ಆಮೇಲೆ ಈನೋ, ಬೆನ್ನಿಗೆ ಮುಲಾಮು, ಗ್ಯಾಸಿನ ಮಾತ್ರೆ. ದೊಡ್ಡಪ್ಪನಿಗೆ ಫೋನು, ದೊಡ್ಡಪ್ಪನಿಂದ ನರ್ಸಿಂಗ್ ಓದುವ ಮೊಮ್ಮಗಳಿಗೆ ಫೋನು. ಆ ಹುಡುಗಿ ‘ಈಗಲೇ ಕರ್ಕೊಂಡು ಹೋಗಿ’ ಎಂದರೆ ‘ಅವಳು ಇನ್ನೂ ಸೆಕೆಂಡ್ ಇಯರ್’ ಎಂದು ಫೋನ್ ಇಡುತ್ತಾರೆ.

ಭಾವನನ್ನು ಪೂರ್ತಿ ದೂರುವಂತೆಯೂ ಇಲ್ಲ. ಹೃದಯದ ಕೆಳಗಿನ ಗೋಡೆಗೆ ಪೆಟ್ಟು ಬಿದ್ದರೆ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸುತ್ತದೆ, ವಾಕರಿಕೆ ಬರುತ್ತದೆ, ತೇಗೂ ಬರುತ್ತದೆ. ಹಳೇ ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ಹೆಂಗಸರಲ್ಲಿ ಕೆಲವೊಮ್ಮೆ ನೋವೇ ಇರುವುದಿಲ್ಲ. ಬರೀ ಸುಸ್ತು, ಏದುಸಿರು, ಬೆವರು. ಹಾಗಾಗಿ ದವಡೆಯಿಂದ ಹೊಕ್ಕುಳಿನ ತನಕ ಎಲ್ಲಿ ಏನು ಒತ್ತಿದರೂ, ಹತ್ತು ಹದಿನೈದು ನಿಮಿಷದಲ್ಲಿ ಹೋಗದಿದ್ದರೆ, ಅದು ಗ್ಯಾಸು ಹೌದೋ ಅಲ್ಲವೋ ಎಂದು ಇಸಿಜಿ ಹೇಳಲಿ. ಮೊದಲನೆಯದರಲ್ಲಿ ಏನೂ ಕಾಣದೆ ನೋವು ಮಾತ್ರ ಮುಂದುವರಿದರೆ ಕಾಲು ಗಂಟೆ, ಅರ್ಧ ಗಂಟೆ ಬಿಟ್ಟು ಮತ್ತೆ ತೆಗೆಯಬೇಕು. ಹೃದಯಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ರಕ್ತಪರೀಕ್ಷೆಯಲ್ಲಿ ಕಾಣುವಷ್ಟು ಏರಲು ಕೆಲವು ಗಂಟೆ ಬೇಕು. ನೋವು ಶುರುವಾದ ಅರ್ಧ ಗಂಟೆಗೇ ಮಾಡಿಸಿ ‘ನೆಗೆಟಿವ್’ ಎಂದು ಮನೆಗೆ ಹೊರಟವರ ಕಥೆ ಸುಖಾಂತ್ಯ ಆಗಲೇಬೇಕೆಂದಿಲ್ಲ.

ಇಷ್ಟರಲ್ಲಿ ಪಕ್ಕದ ಮನೆಯವರು ತಮ್ಮ ಪರ್ಸಿನಿಂದ ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ತೆಗೆದು ನಾಲಿಗೆಯಡಿಗೆ ಇಟ್ಟಾಗಿರುತ್ತದೆ. ಅದೇ ಕೆಳಗೋಡೆಯ ಪೆಟ್ಟಿನ ಜೊತೆ ಹೃದಯದ ಬಲ ಕೋಣೆಗೂ ತೊಂದರೆಯಾಗಿದ್ದರೆ ಈ ಮಾತ್ರೆ ಬಿಪಿಯನ್ನು ಬಾವಿಗೆ ಇಳಿಸಿಬಿಡುತ್ತದೆ. ಹಿಂದಿನ ದಿನ ಗುಟ್ಟಾಗಿ ವಯಾಗ್ರ ನುಂಗಿದವರಿಗೂ ಹಾಗೆಯೇ, ಅವರು ಅದನ್ನು ಭಾವನ ಎದುರು ಹೇಳುವವರೂ ಅಲ್ಲ. ಮನೆಯಲ್ಲಿ ಕೊಡುವಂಥದ್ದು ಏನಾದರೂ ಇದ್ದರೆ ಆಸ್ಪಿರಿನ್, 300 ಮಿಲಿಗ್ರಾಂ, ನುಂಗದೆ ಜಗಿದು. ಅಲರ್ಜಿ ಇರುವವರಿಗೆ, ರಕ್ತವಾಂತಿ ಆಗುತ್ತಿರುವವರಿಗೆ ಅದೂ ಬೇಡ. ಜೋರಾಗಿ ಕೆಮ್ಮಿ ಹೃದಯ ಓಡಿಸಿಕೊಳ್ಳಿ ಎಂಬ ವಾಟ್ಸ್‌ಆ್ಯಪ್ ಸಂದೇಶ ಇನ್ನೂ ಓಡಾಡುತ್ತಲೇ ಇದೆ. ಕುಸಿದು ಬಿದ್ದು ಉಸಿರು ನಿಂತವನು ಕೆಮ್ಮುವುದಾದರೂ ಹೇಗೆ? ಅವನಿಗೆ ಬೇಕಾದದ್ದು ಎದೆಯ ನಡುವೆ ಎರಡು ಅಂಗೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತುವ ಇನ್ನೊಬ್ಬ.

ಅದೇ ವಾಟ್ಸ್‌ಆ್ಯಪನ್ನು ಒಳ್ಳೆಯದಕ್ಕೂ ಬಳಸಿದ್ದಾರೆ ಎನ್ನುವುದನ್ನು ಹೇಳದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಿ, ಅಲ್ಲಿಂದ ಬಂದ ಚಿತ್ರವನ್ನು ಇಲ್ಲಿ ತಜ್ಞರು ಓದಿ ಹೇಳುವ ವ್ಯವಸ್ಥೆ ಮಾಡಿದರು. ಸರ್ಕಾರವೂ ಪುನೀತ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನನ್ನು ತಾಲೂಕು ಆಸ್ಪತ್ರೆಗಳಲ್ಲೇ ಪುಕ್ಕಟೆ ಕೊಡುವ ಏರ್ಪಾಡು ಮಾಡಿತು. ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಹತ್ತು ಸೆಕೆಂಡಿನೊಳಗೆ ಒಂದೇ ಏಟಿಗೆ ರಕ್ತನಾಳಕ್ಕೆ. 75 ದಾಟಿದವರಿಗೆ ಅರ್ಧ. ಎರಡು ಗಂಟೆಯೊಳಗೆ, ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿ ಆಗುವ ಹಾಗಿದ್ದರೆ ನೇರ ಅಲ್ಲಿಗೆ. ಆಗದಿದ್ದರೆ ಇಂಜೆಕ್ಷನ್ ಮೊದಲು, ಪ್ರಯಾಣ ಆಮೇಲೆ. ನೋವು ಶುರುವಾಗಿ ಹನ್ನೆರಡು ಗಂಟೆ ಕಳೆದ ಮೇಲೆ ಆ ಇಂಜೆಕ್ಷನಿಗೆ ಬೆಲೆಯಿಲ್ಲ. ಮೊದಲ ಎರಡು ಮೂರು ಗಂಟೆಯಲ್ಲಿ ಅದೇ ಚಿನ್ನ.

ಹಾಗಿದ್ದೂ ಏನಾಗುತ್ತದೆ ಗೊತ್ತುಂಟಲ್ಲ. ತಾಲೂಕು ಆಸ್ಪತ್ರೆಯ ಕಿರಿಯ ಡಾಕ್ಟರು ಇಸಿಜಿ ಹಿಡಿದು, ಆ ಇಂಜೆಕ್ಷನ್ ಕೊಡುವ ಮೊದಲು, ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತೇ, ಹೊಸದಾಗಿ ಆಪರೇಶನ್ ಆಗಿದೆಯೇ ಎಂದು ಕೇಳಿ, ಸಹಿ ಹಾಕಿ ಎನ್ನುತ್ತಾರೆ. ವರಾಂಡದಲ್ಲಿ ಸಭೆ ಸೇರುತ್ತದೆ. ‘ಇಲ್ಲಿ ಬೇಡ, ಮಂಗಳೂರಿಗೇ ಹೋಗುವ.’ ‘ಯಾವ ಆಸ್ಪತ್ರೆ?’ ‘ತಮ್ಮ ಬರಲಿ, ಅವನಿಗೆ ಅಲ್ಲಿ ಗುರ್ತ ಉಂಟು.’ ಬೆಂಗಳೂರಿನ ತನಕ ಮುನ್ನೂರೈವತ್ತು ಕಿಲೋಮೀಟರ್ ಝೀರೋ ಟ್ರಾಫಿಕ್ ಮಾಡಿ, ಊರೂರಲ್ಲಿ ಯುವಕರು ಸೀಟಿ ಊದಿ ದಾರಿ ಬಿಡಿಸಿ, ಫೇಸ್‌ಬುಕ್ ಲೈವ್ ಕೊಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಆದರೆ ಚಾವಡಿಯಿಂದ ಅಂಗಳದಲ್ಲಿರುವ ಕಾರಿನವರೆಗಿನ ಇಪ್ಪತ್ತು ಅಡಿಗೆ ನಾಲ್ಕು ಗಂಟೆ. ಎಷ್ಟೋ ಸಲ ಕಾರೂ ಇಲ್ಲ. ರೋಗಿಯೇ ಹೆಲ್ಮೆಟ್ ಹಾಕಿ ಸ್ಕೂಟರ್ ಓಡಿಸಿಕೊಂಡು ಬರುತ್ತಾನೆ, ‘108ಕ್ಕೆಲ್ಲ ಫೋನ್ ಮಾಡಿದರೆ ಊರಿಡೀ ಗೊತ್ತಾಗ್ತದೆ’ ಎಂದು.

ಇಲ್ಲಿ ತಮಾಷೆ ನಿಲ್ಲಿಸಬೇಕಾಗುತ್ತದೆ. 2008ರಲ್ಲಿ ಪ್ರಕಟವಾದ ಕ್ರಿಯೇಟ್ ಎಂಬ ಅಧ್ಯಯನ ನಮ್ಮ ದೇಶದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿತ್ತು. ನೋವು ಶುರುವಾಗಿ ಆಸ್ಪತ್ರೆ ಸೇರುವ ಹೊತ್ತಿಗೆ ಅರ್ಧದಷ್ಟು ಮಂದಿಗೆ ಆರು ಗಂಟೆಯೋ ಅದಕ್ಕಿಂತ ಹೆಚ್ಚೋ ಕಳೆದಿತ್ತು. 30 ದಿನದೊಳಗೆ ತೀರಿಕೊಂಡವರ ಪ್ರಮಾಣ ಶ್ರೀಮಂತರಿಗಿಂತ ಬಡವರಲ್ಲಿ ಹೆಚ್ಚು. ಬಡವರ ಹೃದಯವೇನೂ ಬೇರೆ ಮಾಂಸದ್ದಲ್ಲ. ಸಿಕ್ಕ ಚಿಕಿತ್ಸೆಯನ್ನು ಲೆಕ್ಕಕ್ಕೆ ಹಿಡಿದಾಗ ಆ ವ್ಯತ್ಯಾಸವೇ ಮಾಯವಾಯಿತು. ಔಷಧ ಸಿಗಲಿಲ್ಲ, ಸತ್ತರು. ಅಷ್ಟೇ. ಮೀನು ಇಳಿಸುವವನು, ಬೀಡಿ ಕಟ್ಟುವವಳು ಎದೆ ನೋವೆಂದು ಬಂದರೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ಎಲ್ಲ ಪುಸ್ತಕದಲ್ಲೂ ಇರುವ ಮಾತು. ರೇಷನ್ ಕಾರ್ಡಿನ ಜೆರಾಕ್ಸ್ ಎಲ್ಲಿ ಎಂದು ಕೌಂಟರಿನಲ್ಲಿ ಕೇಳುವುದು ಯಾವ ಪುಸ್ತಕದಲ್ಲೂ ಇಲ್ಲ. ತಡವಾದಷ್ಟೂ ಸ್ನಾಯು ಸಾಯುತ್ತದೆ. ಮೊದಲು ಶ್ವಾಸಕೋಶದಲ್ಲಿ ನೀರು, ಆಮೇಲೆ ಬಿಪಿ ಬಿದ್ದು ಕೈಕಾಲು ತಣ್ಣಗೆ. ಆ ಹಂತ ಮುಟ್ಟಿದವರಲ್ಲಿ ಇಂದಿನ ಎಲ್ಲ ಯಂತ್ರೋಪಕರಣ ಇದ್ದೂ ಅರ್ಧದಷ್ಟು ಮಂದಿ ಉಳಿಯುವುದಿಲ್ಲ.

ಉಳಿದು ಮನೆಗೆ ಬಂದವರದ್ದು ಇನ್ನೊಂದು ಪ್ರಹಸನ. ಸ್ಟೆಂಟ್ ಹಾಕಿದ ಮೇಲೆ ಆತ ಊರವರಿಗೆ ‘ಒಳಗೆ ಎಲ್ಲ ಹೊಸತು’ ಎಂದು ಹೇಳಿಕೊಂಡು ತಿರುಗುತ್ತಾನೆ. ಎಲ್ಲ ಹೊಸತಲ್ಲ, ಒಂದೆರಡು ಅಂಗುಲವೂ ಇಲ್ಲದ ಜಾಲರಿಯಷ್ಟೇ ಹೊಸತು. ಉಳಿದ ನಾಳ ಹಳತೇ, ಅಭ್ಯಾಸವೂ ಹಳತೇ. ಹೃದಯದ ಪಂಪಿಂಗ್ ಶೇ. 35 ಬಂದವನು ಸರಿಯಾಗಿ 60 ಇದ್ದವನ ಹಾಗೆ ಕಂಬಳದ ಗದ್ದೆ ಬದಿ ಕುಣಿಯುತ್ತಾನೆ. ಮೂರನೇ ತಿಂಗಳಿಗೆ ಮಾತ್ರೆಗಳ ಮೇಲೆ ಸಂಶಯ ಶುರು. ‘ಕೊಲೆಸ್ಟ್ರಾಲ್ ನಾರ್ಮಲ್ ಬಂತಲ್ಲ, ಇನ್ನೆಂತಕ್ಕೆ?’ ನಾರ್ಮಲ್ ಬಂದದ್ದು ಆ ಮಾತ್ರೆಯಿಂದಲೇ ಅಲ್ಲವೋ ಮಾರಾಯ! ಆಸ್ಪಿರಿನ್ ಜೊತೆಗಿನ ಎರಡನೇ ರಕ್ತ ತೆಳು ಮಾಡುವ ಮಾತ್ರೆ, ಕ್ಲೋಪಿಡೋಗ್ರೆಲೋ ಟಿಕಾಗ್ರೆಲೋರೋ, ಸಾಮಾನ್ಯವಾಗಿ ಒಂದು ವರ್ಷ ಬೇಕು. ಹಲ್ಲು ಕೀಳಿಸಲಿಕ್ಕುಂಟು ಎಂದು ಯಾರನ್ನೂ ಕೇಳದೆ ಎರಡನ್ನೂ ಒಟ್ಟಿಗೆ ನಿಲ್ಲಿಸುತ್ತಾರೆ. ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಮತ್ತೆ ಅದೇ ಆಸ್ಪತ್ರೆ, ಅದೇ ಟೇಬಲ್. ಹಲ್ಲಿನ ಡಾಕ್ಟರಿಗೆ ಸ್ಟೆಂಟಿನ ಕಾರ್ಡು ತೋರಿಸಿ, ಅವರು ಹೃದಯದ ಡಾಕ್ಟರಿಗೆ ಫೋನ್ ಮಾಡಲಿ, ಹೆಚ್ಚಿನ ಸಲ ಮಾತ್ರೆ ನಿಲ್ಲಿಸದೆಯೇ ಹಲ್ಲು ಕೀಳಬಹುದು. ಆ ತೀರ್ಮಾನವನ್ನು ಪಕ್ಕದ ಮನೆಯ ರಿಟೈರ್ಡ್ ಮ್ಯಾನೇಜರಿಗೆ ಮಾತ್ರ ಬಿಡಬೇಡಿ. ಅವರಿಗೆ ಗೊತ್ತಿರುವುದು ಬ್ಯಾಂಕೊಂದೇ, ಅದೂ ಈಗ ವಿಲೀನ ಆಗಿ ಹೋಗಿದೆ.