ನಾಲ್ಕು ನಿಂಬೆಹಣ್ಣು, ಮೂರು ವರ್ಷ ವಾರಂಟಿ

2022ರ ಆಯುಧಪೂಜೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಹತ್ತಿರ ಹೊಸ ಕಾರು ನಿಲ್ಲಿಸಿಕೊಂಡು ನಿಂತಿದ್ದೆ. ಬಾನೆಟ್ ಮೇಲೆ ಕುಂಕುಮದ ಓಂ, ಸ್ಟೀರಿಂಗಿಗೆ ಸೇವಂತಿಗೆ ಹಾರ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಅರ್ಚಕರು ‘ನಿಧಾನಕ್ಕೆ ಮುಂದೆ ಬಿಡಿ’ ಅಂದರು. ಬಿಟ್ಟೆ. ಪಚಕ್, ಪಚಕ್, ಪಚಕ್. ಮೂರೇ ಸದ್ದು. ಎಡಗಡೆ ಮುಂದಿನ ಚಕ್ರದ ನಿಂಬೆಹಣ್ಣು ಮಾತ್ರ ಒಡೆಯದೆ ಜಾರಿಕೊಂಡಿತು. ಉರುಳುತ್ತಾ ಹೋಗಿ ಹೂವಿನ ಅಂಗಡಿಯ ಸ್ಟೂಲ್ ಕೆಳಗೆ ಕೂತಿತು.

‘ರೀ, ಇನ್ನೊಂದು ಇಡಿಸೋಣ’ ಅಂದಳು ಹೆಂಡತಿ.

ನಾನು ಬಿಎಸ್ಸಿ ಓದಿದವನು. ‘ಮೂರು ವರ್ಷ ವಾರಂಟಿ ಇದೆ ಕಣೇ, ಸುಮ್ನೆ ಹತ್ತು’ ಅಂದೆ.

ನಾಲ್ಕನೇ ತಿಂಗಳಿಗೆ ಕಟಕಟ ಶುರುವಾಯಿತು. ಎಲ್ಲಿಂದ ಅಂತ ಬೇರೆ ಹೇಳಬೇಕಾ? ಎಡಗಡೆ, ಮುಂದಿನ ಚಕ್ರ.

ಸರ್ವೀಸ್ ಸೆಂಟರ್‌ಗೆ ಹೋದೆ. ಗಾಜಿನ ಬಾಗಿಲು, ಏಸಿ, ಸೋಫಾ, ಕಾಫಿ ಮಷೀನು. ನಮ್ಮ ತಾಲ್ಲೂಕು ಆಸ್ಪತ್ರೆಗಿಂತ ಚೆನ್ನಾಗಿದೆ. ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗ ಬಂದ. ಸರ್ವೀಸ್ ಅಡ್ವೈಸರ್ ಅಂತೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೊಡೆದೆ. ಮನೆಯಲ್ಲಿ ಬಾಯಿ ಮುಚ್ಚದ ಮಗು ಹೆಡ್‌ಮಾಸ್ಟರ್ ಮುಂದೆ ಕೈಕಟ್ಟಿ ನಿಂತ ಹಾಗೆ ಕಾರು ತೆಪ್ಪಗಾಗಿಬಿಟ್ಟಿತು. ಹಂಪು ಹತ್ತಿಸಿದೆ. ಗುಂಡಿಗೆ ಇಳಿಸಿದೆ. ಒಂದು ಕಲ್ಲು ಹುಡುಕಿ ಅದರ ಮೇಲೂ ಹತ್ತಿಸಿದೆ. ಊಹೂಂ.

‘ಸೌಂಡ್ ಹೆಂಗ್ ಬರುತ್ತೆ ಸಾರ್? ಕಟಕಟ ಅಂತಾನಾ, ಟಕಟಕ ಅಂತಾನಾ?’

‘ಕಟಕಟ.’

‘ಒಂದ್ಸಲ ಮಾಡಿ ತೋರಿಸಿ ಸಾರ್.’

ಐವತ್ತು ದಾಟಿದ ಮನುಷ್ಯ, ಬ್ಯಾಂಕಿನಲ್ಲಿ ಹತ್ತು ಜನ ನಮಸ್ಕಾರ ಹೇಳುವವನು, ಕಾಫಿ ಮಷೀನಿನ ಪಕ್ಕ ನಿಂತು ನಾಲಿಗೆಯಲ್ಲಿ ಕಟ್ ಕಟ್ ಕಟ್ ಅಂತ ಸದ್ದು ಮಾಡಿದೆ. ಸೋಫಾದಲ್ಲಿದ್ದ ಇಬ್ಬರು ತಲೆ ಎತ್ತಿದರು. ನಕ್ಕಾರು ಅಂದುಕೊಂಡೆ. ನಗಲಿಲ್ಲ. ಒಬ್ಬರು ಮೆಲ್ಲಗೆ, ‘ನಂದು ಗರ್‌ರ್ ಅನ್ನುತ್ತೆ’ ಅಂದರು.

ಹುಡುಗ ಜಾಬ್ ಕಾರ್ಡಿನಲ್ಲಿ ಏನು ಬರೆದ ಗೊತ್ತಾ? ‘ಗ್ರಾಹಕರ ಪ್ರಕಾರ ಸದ್ದು.’ ಅಲ್ಲಿಂದ ಮುಂದೆ ಎಲ್ಲ ಕಾಗದದಲ್ಲೂ ಹಾಗೇ. ಪೇಪರಿನವರು ಕಳ್ಳತನದ ಸುದ್ದಿ ಬರೆಯುವಾಗ ‘ಎನ್ನಲಾದ’ ಅಂತ ಸೇರಿಸುತ್ತಾರಲ್ಲ, ಹಾಗೆ. ನನ್ನ ಕಾರಿನಲ್ಲಿ ಬಂದಿದ್ದು ಸದ್ದಲ್ಲ, ಬಂದಿದೆ ಎನ್ನಲಾದ ಸದ್ದು. ಆರೋಪಿ ಕಾರಲ್ಲ, ನಾನು.

ಎರಡನೇ ಸಲ ಹೋದಾಗ ‘ಇದು ಈ ಮಾಡೆಲ್ಲಿನ ಕ್ಯಾರೆಕ್ಟರ್ ಸಾರ್’ ಅಂದರು. ಕಾರಿಗೂ ಕ್ಯಾರೆಕ್ಟರ್ ಇರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಮೂರನೇ ಸಲ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರು. ಚಕ್ರದ ಹತ್ತಿರ ಬರುವ ಸದ್ದಿಗೆ ಸಾಫ್ಟ್‌ವೇರ್ ಯಾಕೆ ಅಂತ ಕೇಳಬೇಡಿ. ಬೆಂಗಳೂರಿನಲ್ಲಿ ಎಲ್ಲದಕ್ಕೂ ಅದೇ.

ಆ ರಾತ್ರಿ ವಾರಂಟಿ ಪುಸ್ತಕ ತೆಗೆದು ಓದಿದೆ. ಯಾರೂ ಓದಲ್ಲ, ಗೊತ್ತು. ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಅದು ಪ್ಲಾಸ್ಟಿಕ್ ಕವರಿನ ಸಮೇತ ಹಾಗೇ ಇರುತ್ತದೆ, ಮದುವೆಯಲ್ಲಿ ಕೊಟ್ಟ ರೇಷ್ಮೆ ಪಂಚೆ ಹಾಗೆ. ಏನೇನಕ್ಕೆ ವಾರಂಟಿ ಇದೆ ಅನ್ನೋದು ಒಂದು ಪುಟ. ಏನೇನಕ್ಕೆ ಇಲ್ಲ ಅನ್ನೋದು ಉಳಿದ ಪುಸ್ತಕ. ವೈಪರ್ ಇಲ್ಲ. ಬಲ್ಬ್ ಇಲ್ಲ. ಫ್ಯೂಸ್ ಇಲ್ಲ. ಬ್ರೇಕ್ ಪ್ಯಾಡ್ ಇಲ್ಲ. ಕ್ಲಚ್ ಪ್ಲೇಟ್ ಇಲ್ಲ, ಅದು ನಮ್ಮ ಹಾಫ್ ಕ್ಲಚ್ ಅಭ್ಯಾಸದ ತಪ್ಪು. ರಬ್ಬರಿನ ಯಾವ ಸಾಮಾನೂ ಇಲ್ಲ. ಟೈರ್ ಕೇಳಿದರೆ ಟೈರ್ ಕಂಪನಿಗೆ ಹೋಗಿ. ಬ್ಯಾಟರಿ ಕೇಳಿದರೆ ಬ್ಯಾಟರಿ ಕಂಪನಿಗೆ ಹೋಗಿ. ಇದೊಂಥರಾ ಕಲ್ಯಾಣ ಮಂಟಪದ ಲೆಕ್ಕ. ಅಡುಗೆಯವರು ಬೇರೆ, ಶಾಮಿಯಾನದವರು ಬೇರೆ, ವಾಲಗದವರು ಬೇರೆ. ಸಾರು ಹಳಸಿದರೆ ಮಂಟಪದ ಮ್ಯಾನೇಜರ್ ‘ನಾವು ಬರೀ ಜಾಗ ಕೊಡೋದು ಸಾರ್’ ಅಂತಾನೆ. ಬಾಡಿಗೆ ತಗೊಳ್ಳುವಾಗ ಮಾತ್ರ ಒಬ್ಬನೇ.

ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಈ ‘ಯಾವುದು ಮೊದಲೋ’ ಅನ್ನುವ ಮಾತು ಬರೆದವರಿಗೆ ಕೈ ಮುಗಿಯಬೇಕು. ನಮ್ಮೂರಿನ ಬಡ್ಡಿ ಸಾಹುಕಾರನಿಗೂ ಇದು ಹೊಳೆದಿರಲಿಲ್ಲ.

ನಾಲ್ಕನೇ ಸಲ ಹೋದಾಗ ಕಾರು ದೊಡ್ಡ ಮನಸ್ಸು ಮಾಡಿ ಅವರ ಎದುರೇ ಕಟ್ ಅಂದಿತು. ನನಗೆ ಮಗ ಮೊದಲ ಸಲ ಅಪ್ಪ ಅಂದಷ್ಟು ಖುಷಿ. ಲಿಫ್ಟಿಗೆ ಏರಿಸಿ ನೋಡಿದರು.

‘ಲೋಯರ್ ಆರ್ಮ್ ಬುಷ್ ಹೋಗಿದೆ ಸಾರ್.’ ಚಕ್ರ ಹಿಡಿದಿರುವ ತೋಳಿನ ಕೀಲಿನಲ್ಲಿ ಕೂರುವ ಸಣ್ಣ ಸಾಮಾನಂತೆ.

‘ಹಾಗಾದ್ರೆ ವಾರಂಟಿ?’

‘ರಬ್ಬರ್ ಸಾರ್.’ ಸ್ವಲ್ಪ ತಡೆದು ಸೇರಿಸಿದ: ‘ಜೊತೆಗೆ ನೀವು ಓಡಿಸೋ ರೋಡೂ ಸರಿ ಇಲ್ಲ.’

ನಾನು ಓಡಿಸೋ ರೋಡು! ಟೀವಿ ಜಾಹೀರಾತಿನಲ್ಲಿ ಇದೇ ಕಾರು ಬಂಡೆ ಹತ್ತುತ್ತೆ, ಹೊಳೆ ದಾಟುತ್ತೆ, ಮರಳುಗುಡ್ಡದ ಮೇಲಿಂದ ಹಾರುತ್ತೆ. ನಾಗರಭಾವಿಯಲ್ಲಿ ಹಂಪು ಇಳಿದರೆ ಮಾತ್ರ ಅದು ರಫ್ ಡ್ರೈವಿಂಗ್. ಅದೂ ಹೋಗಲಿ ಬಿಡಿ, ಆ ರೋಡಿಗೆ ನಾನು ಕೊಟ್ಟ ದುಡ್ಡಿನ ಲೆಕ್ಕ ಕೇಳಿ. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದವರೆಗಿನ ಕಾರಿಗೆ ಲೈಫ್ ಟ್ಯಾಕ್ಸ್ 17 ಪರ್ಸೆಂಟ್. ಅದರ ಮೇಲೆ ಸೆಸ್ಸು. ನನ್ನ 12 ಲಕ್ಷದ ಕಾರಿಗೆ ಹತ್ತಿರ ಹತ್ತಿರ 2 ಲಕ್ಷ 26 ಸಾವಿರ ಕಟ್ಟಿದ್ದೀನಿ. ಆ ದುಡ್ಡಿನಲ್ಲಿ ಬುಷ್ ಹೋಗುವಂಥ ರಸ್ತೆ ಮಾಡಿಕೊಟ್ಟಿದ್ದಾರೆ. ರಸ್ತೆಗೂ ಒಂಥರಾ ವಾರಂಟಿ ಇದೆ, ಡಿಫೆಕ್ಟ್ ಲಯಬಿಲಿಟಿ ಪೀರಿಯಡ್ ಅಂತ. ಆ ಅವಧಿಯಲ್ಲಿ ಕಿತ್ತುಹೋದರೆ ಕಂಟ್ರಾಕ್ಟರೇ ಸರಿ ಮಾಡಬೇಕು. ಅವರನ್ನು ಕೇಳಿದರೆ ಮಳೆ ಅಂತಾರೆ. ಕಾರು ಮಾಡಿದವರು ರಸ್ತೆ ಅಂತಾರೆ. ರಸ್ತೆ ಮಾಡಿದವರು ಮಳೆ ಅಂತಾರೆ. ಪಾಪ, ಮಳೆಗೆ ಬೆರಳು ತೋರಿಸೋಕೆ ಯಾರೂ ಇಲ್ಲ. ಅದಕ್ಕೇ ಸುಮ್ನೆ ಸುರಿಯುತ್ತೆ.

ನಡುವೆ ಇಲಿ ಪ್ರಸಂಗ ಒಂದು ಆಯಿತು. ಒಂದು ಬೆಳಿಗ್ಗೆ ಎಂಜಿನ್ ಲೈಟ್ ಹತ್ತಿಕೊಂಡಿತು. ಬಾನೆಟ್ ತೆಗೆದರೆ ವೈರ್ ಕಡಿದುಹಾಕಿತ್ತು. ಗಣಪತಿಯ ವಾಹನ ನನ್ನ ವಾಹನವನ್ನು ತಿಂದಿತ್ತು. ‘ಇಲಿಗೆ ಕಂಪನಿ ಜವಾಬ್ದಾರಿ ಅಲ್ಲ ಸಾರ್’ ಅಂದ ಹುಡುಗ. ಸರಿನಪ್ಪ, ಇಲಿ ನಿಮ್ಮ ಕಾರ್ಖಾನೆಯಲ್ಲಿ ಹುಟ್ಟಿಲ್ಲ, ಒಪ್ಪಿದೆ. ‘ಮತ್ತೆ ಏನ್ ಮಾಡಲಿ?’ ‘ಹೊಗೆಸೊಪ್ಪು ಕಟ್ಟಿ ಸಾರ್.’ ಹೀಗೆ ಆರು ಏರ್‌ಬ್ಯಾಗ್, ಟಚ್ ಸ್ಕ್ರೀನು, ಹಿಂದಿನ ಕ್ಯಾಮೆರಾ ಇರುವ ನನ್ನ ಕಾರಿನ ಎಂಜಿನ್ ಪಕ್ಕ ಒಂದು ಕಟ್ಟು ಹೊಗೆಸೊಪ್ಪು ನೇತಾಡತೊಡಗಿತು. ಏಸಿ ಹಾಕಿದರೆ ನಮ್ಮಜ್ಜನ ವಾಸನೆ.

2025ಕ್ಕೆ ಪೆಟ್ರೋಲೂ ಬದಲಾಯಿತು. ಬಂಕಿನಲ್ಲೆಲ್ಲ 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20. ನನ್ನ ಕಾರಿನ ಟ್ಯಾಂಕಿನ ಮುಚ್ಚಳದಲ್ಲಿ ಇ10 ಅಂತ ಚೀಟಿ ಅಂಟಿಸಿದ್ದಾರೆ. ‘ಬೇರೆ ಹಾಕಿದರೆ?’ ಅಂತ ಕೇಳಿದೆ. ‘ಪುಸ್ತಕದಲ್ಲಿ ಹೇಳಿರೋ ಪೆಟ್ರೋಲೇ ಹಾಕ್ಬೇಕು ಸಾರ್.’ ‘ಅದು ಬಂಕಲ್ಲಿ ಸಿಗಲ್ವಲ್ಲಪ್ಪ?’ ‘ಅದಕ್ಕೆ ನಾವೇನ್ ಮಾಡೋಕಾಗುತ್ತೆ ಸಾರ್.’ ಇ10ಕ್ಕೆ ಹೊಂದಿಸಿದ ಹಳೇ ಕಾರುಗಳಲ್ಲಿ ಮೈಲೇಜ್ 6ರಿಂದ 7 ಪರ್ಸೆಂಟ್ ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಇರಲಿ, ಮಂಡ್ಯದ ಕಬ್ಬಾದರೂ ಒಳಗೆ ಹೋಗುತ್ತಿದೆ. ನಾನು ಬಿಟ್ಟಿರುವ ಸಕ್ಕರೆಯನ್ನು ಕಾರು ತಿನ್ನುತ್ತಿದೆ.

ಇಷ್ಟರಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ದೊಡ್ಡಪ್ಪನ ಮಗನ ಫೋನ್ ಬಂತು. ನನ್ನ ಕತೆ ಕೇಳಿ, ‘ಲೆಮನ್ ಲಾ ಹಾಕೋ’ ಅಂದ. ನನಗೆ ಎದೆ ಧಸಕ್ ಅಂತು. ಒಡೆಯದ ನಿಂಬೆಹಣ್ಣಿನ ವಿಷಯ ಅಲ್ಲಿವರೆಗೂ ಹೋಗಿದೆ ಅಂದುಕೊಂಡೆ. ಹಾಗಲ್ಲವಂತೆ. ಅಮೆರಿಕದಲ್ಲಿ ಪದೇಪದೇ ಕೆಡುವ ಕಾರನ್ನೇ ಲೆಮನ್ ಅನ್ನುತ್ತಾರೆ. ಅದಕ್ಕೆ ಅಂತಲೇ ಕಾನೂನಿದೆ, 1982ರಲ್ಲಿ ಕನೆಕ್ಟಿಕಟ್‌ನವರು ಮೊದಲು ಮಾಡಿದ್ದು. ಕ್ಯಾಲಿಫೋರ್ನಿಯಾದಲ್ಲಿ ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ 4 ಸಲ ಹೋಗಿಯೂ ಸರಿಯಾಗದಿದ್ದರೆ, ಅಥವಾ ಕಾರು ಒಟ್ಟು 30 ದಿನಕ್ಕಿಂತ ಹೆಚ್ಚು ವರ್ಕ್‌ಶಾಪಿನಲ್ಲೇ ಬಿದ್ದಿದ್ದರೆ, ಅದನ್ನು ಲೆಮನ್ ಅಂತಲೇ ಹಿಡಿಯುತ್ತಾರೆ. ಹಾಗಲ್ಲ ಅಂತ ತೋರಿಸುವ ಕೆಲಸ ಕಂಪನಿಯದು. ಆಗದಿದ್ದರೆ ಕಾರು ಬದಲಾಯಿಸಬೇಕು ಅಥವಾ ದುಡ್ಡು ವಾಪಸ್. ಅಲ್ಲಿ ಕಾರೇ ನಿಂಬೆಹಣ್ಣು. ನಮ್ಮಲ್ಲಿ ನಿಂಬೆಹಣ್ಣು ಕಾರಿನ ಕೆಳಗೆ. ಹಿಂಡಿಸಿಕೊಳ್ಳೋದು ಮಾತ್ರ ಸ್ಟೀರಿಂಗ್ ಹಿಡಿದವನು.

ನಮ್ಮಲ್ಲಿ ಏನೂ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತೆ. 2021ರ ಏಪ್ರಿಲ್‌ನಿಂದ ಸರ್ಕಾರವೇ ಕಂಪನಿಗೆ ಕಾರು ವಾಪಸ್ ಕರೆಸಿ ರಿಪೇರಿ ಮಾಡು ಅಂತ ಆದೇಶ ಕೊಡಬಹುದು. ಕಾರು 7 ವರ್ಷಕ್ಕಿಂತ ಹಳೆಯದಾಗಿರಬಾರದು. ದಂಡ 10 ಲಕ್ಷದಿಂದ 1 ಕೋಟಿವರೆಗೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ವರ್ಷಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಮಾರಾಟವಾಗುವ ಕಾರಾದರೆ 1,250 ದೂರು ಬೇಕು. ನಾನೊಬ್ಬ. ಸೋಫಾದಲ್ಲಿದ್ದ ಗರ್‌ರ್ ಸಾಹೇಬರು ಇನ್ನೊಬ್ಬರು. ಅವರದ್ದು ಬೇರೆ ಸದ್ದು, ಲೆಕ್ಕಕ್ಕೆ ಬರಲ್ಲ. ಇನ್ನೂ 1,249 ಜನ ಎಡಗಡೆ ಮುಂದೆ ಕಟಕಟ ಅನ್ನಿಸಿಕೊಂಡು ಬರಬೇಕು. ಹೆಣ್ಣು ಹುಡುಕೋದು ಇದಕ್ಕಿಂತ ಸುಲಭ.

ವಕೀಲ ಗೆಳೆಯನೊಬ್ಬ ಗ್ರಾಹಕರ ಆಯೋಗಕ್ಕೆ ಹೋಗು ಅಂದ. ನನ್ನ ಕಾರಿನ ಬೆಲೆಗೆ ಫೀಸು ಬರೀ 400 ರೂಪಾಯಿ. ನೋಟಿಸ್ ಮುಟ್ಟಿದ 3 ತಿಂಗಳಲ್ಲಿ ತೀರ್ಮಾನ ಮಾಡೋಕೆ ಪ್ರಯತ್ನಿಸಬೇಕು, ವಸ್ತುವಿನ ಪರೀಕ್ಷೆ ಬೇಕಾದರೆ 5 ತಿಂಗಳು ಅಂತ ಕಾನೂನಿನಲ್ಲೇ ಬರೆದಿದೆ. ಅದನ್ನು ಓದಿ ಹೇಳುವಾಗ ಅವನಿಗೇ ನಗು ತಡೆಯಲಿಲ್ಲ. ‘ಆದ್ರೆ ಒಂದು ಮಾತು, ತಯಾರಿಕೆಯಲ್ಲೇ ದೋಷ ಇದೆ ಅಂತ ನೀನೇ ತೋರಿಸ್ಬೇಕು. ಎಕ್ಸ್‌ಪರ್ಟ್ ರಿಪೋರ್ಟ್ ಬೇಕು. ಲ್ಯಾಬಿಗೆ ಕಳಿಸಿದ್ರೆ ಅದರ ಫೀಸೂ ನಿನ್ನ ಕೈಯಲ್ಲೇ ಕಟ್ಟಿಸಬಹುದು.’ ಎಡವಟ್ಟು ಮಾಡಿದವನು ಸುಮ್ನೆ ಕೂತರೆ ಸಾಕು. ಕೊಂಡವನು ಆಟೋಮೊಬೈಲ್ ಎಂಜಿನಿಯರಿಂಗ್ ಓದಬೇಕು. ಬೆಂಗಳೂರಲ್ಲಿ ಎಂಜಿನಿಯರಿಗೆ ಬರವೇ ಅಂತೀರಾ? ನಮ್ಮ ಅಪಾರ್ಟ್‌ಮೆಂಟಿನಲ್ಲೇ ನಲವತ್ತು ಜನ ಇದ್ದಾರೆ. ಎಲ್ಲರೂ ಕಾರು ನೋಡಿ, ‘ರೀಸ್ಟಾರ್ಟ್ ಮಾಡಿದ್ರಾ ಅಂಕಲ್?’ ಅಂದರು.

ಕೊನೆಗೆ ನಮ್ಮ ಬೀದಿ ಮೂಲೆಯ ಗ್ಯಾರೇಜಿಗೆ ಹೋದೆ. ಗ್ಯಾರೇಜಿನ ಭಾಯ್ ಕಾರಿನ ಕೆಳಗೆ ಹೋದರು. ಎರಡು ನಿಮಿಷಕ್ಕೆ ಈಚೆ ಬಂದರು. ನಾನು ಸದ್ದು ಮಾಡಿ ತೋರಿಸುವ ಮೊದಲೇ ‘ಬುಷ್ ಹೋಗೈತೆ ಸಾಬ್, ಸಂಜೆ ಬನ್ನಿ’ ಅಂದರು. ಸಂಜೆ ಹೋದೆ. 850 ರೂಪಾಯಿ, ಕೂಲಿ ಸೇರಿ. ಕಟಕಟ ನಿಂತಿತು. ಮನೆವರೆಗೂ ಕಿವಿ ಕೊಟ್ಟು ಓಡಿಸಿದೆ. ಏನೋ ಕಳೆದುಕೊಂಡ ಹಾಗಾಯಿತು.

ಮುಂದಿನ ಸರ್ವೀಸಿಗೆ ಹೋದಾಗ ಹುಡುಗ ಕೆಳಗೆ ಬಗ್ಗಿ ನೋಡಿ ಬೆಚ್ಚಿದ. ‘ಹೊರಗಡೆ ಮುಟ್ಟಿಸಿದ್ದೀರಾ ಸಾರ್?’ ಹಳೇ ಕಾಲದ ಮಡಿ ಅಜ್ಜಿಯೂ ಆ ಧ್ವನಿಯಲ್ಲಿ ಕೇಳಿರಲಿಕ್ಕಿಲ್ಲ. ಆ ಕಡೆಯ ಸಸ್ಪೆನ್ಷನ್ನಿಗೆ ಇನ್ನು ವಾರಂಟಿ ಇಲ್ಲವಂತೆ. ಅದೇ ಉಸಿರಿನಲ್ಲಿ, ‘ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಿ ಸಾರ್, ಇನ್ನೆರಡು ವರ್ಷ ನಿಶ್ಚಿಂತೆ’ ಅಂದ. ಬಿಲ್ಲಿನಲ್ಲಿ ಥ್ರಾಟಲ್ ಬಾಡಿ ಕ್ಲೀನಿಂಗ್, ಏಸಿ ಡಿಸ್‌ಇನ್ಫೆಕ್ಟೆಂಟ್, ಎಂಜಿನ್ ಡ್ರೆಸ್ಸಿಂಗ್. ಎಂಜಿನ್ನಿಗೂ ಡ್ರೆಸ್ಸು! ಹೊಗೆಸೊಪ್ಪು ಕಟ್ಟಿಕೊಂಡು ಕೂತಿರೋದಕ್ಕೆ.

ಹೊರಡುವಾಗ ಹುಡುಗ ಕಾರಿನವರೆಗೂ ಬಂದ. ‘ಸಾರ್, ನಾಳೆ ಕಂಪನಿಯಿಂದ ಫೋನ್ ಬರುತ್ತೆ. ಹತ್ತಕ್ಕೆ ಹತ್ತು ಕೊಡಿ ಸಾರ್. ಒಂಬತ್ತು ಕೊಟ್ರೂ ನನ್ನ ಇನ್ಸೆಂಟಿವ್ ಕಟ್ ಆಗುತ್ತೆ.’ ಮುಖ ನೋಡಿದೆ. ಇಪ್ಪತ್ತಮೂರು ವರ್ಷ ಇರಬಹುದು. ಮೂರು ವರ್ಷದಿಂದ ನನ್ನ ಬೈಗುಳ ತಿಂದವನು ಅವನೇ. ವಾರಂಟಿ ಪುಸ್ತಕ ಬರೆದವರ ಮುಖ ನಾನೂ ನೋಡಿಲ್ಲ, ಅವನೂ ನೋಡಿಲ್ಲ. ಫೋನ್ ಬಂದಾಗ ಹತ್ತು ಕೊಟ್ಟೆ. ಕಂಪನಿಯ ಲೆಕ್ಕದಲ್ಲಿ ನಾನೀಗ ಪೂರ್ತಿ ತೃಪ್ತ ಗ್ರಾಹಕ.

2025ರ ಆಯುಧಪೂಜೆಯ ವಾರವೇ ವಾರಂಟಿ ಮುಗಿಯಿತು. ಮತ್ತೆ ಅದೇ ಗುಡಿ, ಅದೇ ಹೂವಿನ ಅಂಗಡಿ. ಅಂಗಡಿಯಾಕೆ ನಿಂಬೆಹಣ್ಣು ಆರಿಸುತ್ತಾ, ‘ನಾಲ್ಕು ಸಾಕಾ ಅಣ್ಣ?’ ಅಂದಳು.

‘ಐದು ಕೊಡಮ್ಮ. ಸ್ಟೆಪ್ನಿಗೂ ಒಂದಿರಲಿ.’

ಹೆಂಡತಿ ಒಂದೊಂದನ್ನೇ ಹಿಚುಕಿ ನೋಡತೊಡಗಿದಳು. ಅಂಗಡಿಯಾಕೆಗೆ ಸ್ವಲ್ಪ ಬೇಜಾರಾಯಿತು ಅಂತ ಕಾಣುತ್ತೆ.

‘ನೋಡೋದೇ ಬೇಡ ತಗೊಂಡೋಗಿ ಅಕ್ಕ. ಒಂದು ಕೆಟ್ಟಿದ್ರೂ ವಾಪಸ್ ತನ್ನಿ, ಬೇರೆ ಕೊಡ್ತೀನಿ.’